ನಾಯಿ, ಬೆಕ್ಕು ತಪ್ಪಿಹೋಗದಂತೆ ನೋಡಿಕೊಳ್ಳುವುದು, ತಪ್ಪಿಹೋದರೆ ಹುಡುಕಿ ತರುವುದು: ಶಿರಸಿ, ಕಾರವಾರ ಕಡೆಯವರಿಗೊಂದು ಮಾರ್ಗದರ್ಶಿ

ನಮ್ಮ ಮನೆಯ ಬೆಕ್ಕು ಮುದ್ದಿ ಕಾಣೆಯಾದಾಗ ನಾನು ಮೂರು ದಿನ ಬೈಕ್ ಹತ್ತಿ ಊರೂರು ಸುತ್ತಿದ್ದೆ. ಶಿರಸಿ ಪೇಟೆಯಿಂದ ಒಳಗಿನ ಹಳ್ಳಿ ನಮ್ಮದು. ಬನವಾಸಿ ರಸ್ತೆಯ ತನಕ ಹೋಗಿ ಕೇಳಿ ಬಂದೆ. ನಾಲ್ಕನೇ ರಾತ್ರಿ ಎರಡು ಗಂಟೆಗೆ ಮಳೆ ಸ್ವಲ್ಪ ಬಿಟ್ಟಿತ್ತು. ನಿದ್ದೆ ಬಾರದೆ ಜಗಲಿಯಲ್ಲಿ ನಿಂತಿದ್ದೆ. ತೆಳ್ಳಗೆ ಒಂದು ದನಿ ಕೇಳಿತು. ಪಕ್ಕದ ಮನೆಯವರ ಕಟ್ಟಿಗೆ ಮನೆಯ ಒಳಗಿಂದ. ಅವರನ್ನು ಎಬ್ಬಿಸಿ ಬಾಗಿಲು ತೆಗೆಸಿ ಟಾರ್ಚ್ ಬಿಟ್ಟೆ. ಸೌದೆ ರಾಶಿಯ ಹಿಂದೆ, ಗೋಡೆಗೆ ಒತ್ತಿಕೊಂಡು, ಎರಡು ಹಸಿರು ಕಣ್ಣು. ನಮ್ಮ ಅಂಗಳದಿಂದ ಐವತ್ತು ಹೆಜ್ಜೆ ಇಲ್ಲ ಆ ಜಾಗ.

ಮೊದಲ ದಿನವೇ ಅವರನ್ನು ಕೇಳಿದ್ದೆ. "ಇಲ್ಲೆಲ್ಲೂ ಇಲ್ಲೆ ಮಾರಾಯ" ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಸೌದೆ ತೆಗೆಯಲು ಬಾಗಿಲು ತೆರೆದಾಗ ಬೆಕ್ಕು ಒಳಗೆ ನುಸುಳಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಸುತ್ತಮುತ್ತ ಯಾರ ಮನೆಯ ನಾಯಿ, ಬೆಕ್ಕು ತಪ್ಪಿಹೋದರೂ ಹುಡುಕಲು ನಾನೂ ಹೋಗುತ್ತೇನೆ. ಎಲ್ಲ ಕಡೆ ಒಂದೇ ತಪ್ಪು ಕಾಣುತ್ತದೆ. ಜನ ದೂರ ಹುಡುಕುತ್ತಾರೆ, ಜೋರಾಗಿ ಕೂಗುತ್ತಾರೆ. ಹತ್ತಿರ ಹುಡುಕಬೇಕು, ಮೆತ್ತಗೆ ಹುಡುಕಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲ ಕೆಲಸ: ಕುತ್ತಿಗೆಗೆ ಒಂದು ಬಿಲ್ಲೆ

ಇದನ್ನು ಈ ವಾರವೇ ಮಾಡಿ. ಪೇಟೆಯ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಟ್ಟೆ, ಡಬ್ಬಿಗೆ ಹೆಸರು ಕೊರೆದು ಕೊಡುತ್ತಾರಲ್ಲ, ಅದೇ ಯಂತ್ರದಲ್ಲಿ ನಾಣ್ಯದಷ್ಟು ಅಗಲದ ಸ್ಟೀಲ್ ಅಥವಾ ಹಿತ್ತಾಳೆ ಬಿಲ್ಲೆಯ ಮೇಲೂ ಬರೆಸಬಹುದು. ಪೆನ್ನಿನಲ್ಲಿ ಬರೆದ ಚೀಟಿ, ಲ್ಯಾಮಿನೇಟ್ ಮಾಡಿಸಿದ ಕಾಗದ ನಮ್ಮ ಮಳೆಗೆ ನಿಲ್ಲುವುದಿಲ್ಲ.

ಬಿಲ್ಲೆಯ ಮೇಲೆ ಊರಿನ ಹೆಸರು ಮತ್ತು ಎರಡು ಫೋನ್ ನಂಬರ್ ಇರಲಿ. ಎರಡು ಯಾಕೆ ಅಂದರೆ, ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ನಾಯಿ ಸಿಕ್ಕವರು ಒಂದು ಸಲ ಫೋನ್ ಮಾಡುತ್ತಾರೆ, ಎರಡು ಸಲ ಮಾಡುತ್ತಾರೆ, ಆಮೇಲೆ ಬಿಡುತ್ತಾರೆ. ಹಾಗಾಗಿ ಒಂದು ನಂಬರ್ ಪೇಟೆಯಲ್ಲಿರುವ ನೆಂಟರದ್ದೋ ಸ್ನೇಹಿತರದ್ದೋ ಇರಲಿ. ಅವರಿಗೆ ಮೊದಲೇ ಹೇಳಿಡಿ.

ಪಟ್ಟಿ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು. ಅದಕ್ಕಿಂತ ಸಡಿಲವಾದರೆ ನಾಯಿ ಹಿಂದಕ್ಕೆ ಎಳೆದಾಗ ತಲೆಯಿಂದ ಕಳಚಿ ಬರುತ್ತದೆ. ಬೆಕ್ಕಿಗೆ ಮಾತ್ರ ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯನ್ನೇ ಹಾಕಿ. ಬೇಲಿಗೋ ಕೊಂಬೆಗೋ ಸಿಕ್ಕಿಕೊಂಡು ಬೆಕ್ಕು ನೇತಾಡಬಾರದು.

ಮೈಕ್ರೋಚಿಪ್ ಬಗ್ಗೆ ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಅದು ಅಕ್ಕಿ ಕಾಳಿನಷ್ಟು ದೊಡ್ಡದು. ಹೆಗಲ ಮೂಳೆಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ಒಳಗೆ 15 ಅಂಕೆಯ ಒಂದು ಸಂಖ್ಯೆ ಇರುತ್ತದೆ, ಅಷ್ಟೇ. ಬ್ಯಾಟರಿ ಇಲ್ಲ, ನಾಯಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಸ್ಕ್ಯಾನರ್ ಹಿಡಿದರೆ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಗೆ ನಿಮ್ಮ ಹೆಸರು, ಫೋನ್ ನೋಂದಣಿ ಆಗಿದ್ದರೆ ಮಾತ್ರ ಉಪಯೋಗ. ಹಾಕಿಸುವ ಮೊದಲು ನಿಮ್ಮ ಕಡೆಯ ಪಶು ವೈದ್ಯರ ಹತ್ತಿರ ಸ್ಕ್ಯಾನರ್ ಇದೆಯಾ ಕೇಳಿ. ಚಿಪ್ ಹಾಕಿಸಿದರೂ ಬಿಲ್ಲೆ ಬೇಕೇ ಬೇಕು. ದಾರಿಯಲ್ಲಿ ನಾಯಿ ಕಂಡವರ ಕೈಯಲ್ಲಿ ಸ್ಕ್ಯಾನರ್ ಇರುವುದಿಲ್ಲ ಅಲ್ವಾ?

ಜಿಪಿಎಸ್ ಪಟ್ಟಿಗೂ ಮೊಬೈಲ್ ನೆಟ್‌ವರ್ಕ್ ಬೇಕು. ಬ್ಲೂಟೂತ್ ಬಿಲ್ಲೆಗೆ ಹತ್ತಿರದಲ್ಲಿ ಬೇರೆಯವರ ಫೋನ್ ಇರಬೇಕು. ಕಾರವಾರದ ಕಾಜುಬಾಗದಲ್ಲೋ ಶಿರಸಿ ಪೇಟೆಯಲ್ಲೋ ಇವು ಕೆಲಸ ಮಾಡಬಹುದು. ಸೊಪ್ಪಿನ ಬೆಟ್ಟದ ಅಂಚಿನ ಮನೆಯವರು ಆ ದುಡ್ಡನ್ನು ಗಟ್ಟಿ ಪಟ್ಟಿಗೆ, ಒಳ್ಳೆಯ ಸರಪಳಿಗೆ ಹಾಕುವುದು ಮೇಲು.

ಇನ್ನೊಂದು ಐದು ನಿಮಿಷದ ಕೆಲಸ. ನಾಯಿ, ಬೆಕ್ಕಿನ ಫೋಟೋ ತೆಗೆದಿಡಿ. ಮುಖ ಒಂದು, ಇಡೀ ಮೈ ಅಡ್ಡದಿಂದ ಒಂದು, ಗುರುತಿನ ಕಲೆ ಹತ್ತಿರದಿಂದ ಒಂದು. ಕಪ್ಪು ನಾಯಿಯನ್ನು ರಾತ್ರಿ ಫೋಟೋ ತೆಗೆದರೆ ಏನೂ ಕಾಣದು, ಬೆಳಿಗ್ಗೆ ಅಂಗಳದಲ್ಲಿ ತೆಗೆಯಿರಿ.

ಓಡಿಹೋಗುವ ದಿನಗಳು ಮೊದಲೇ ಗೊತ್ತಿರುತ್ತವೆ

ನಮ್ಮ ಕಡೆ ದೀಪಾವಳಿಗಿಂತ ಮೊದಲು ಚೌತಿಗೇ ಪಟಾಕಿ ಶುರುವಾಗುತ್ತದೆ. ಮನೆ ಗಣಪತಿಗೆ ಮಂಗಳಾರತಿ ಆಗುವಾಗ, ನೀರಿಗೆ ಬಿಡುವಾಗ ಸರ ಹೊತ್ತಿಸುತ್ತಾರೆ. ನಾಯಿಗೆ ಅದು ಹಬ್ಬ ಅಂತ ಗೊತ್ತಾಗಬೇಕಲ್ಲ. ಚೌತಿಯ ಹಿಂದಿನ ದಿನ ಹಗ್ಗ ನೋಡಿ. ಎರಡು ತಿಂಗಳ ಮಳೆಗೆ ಹಗ್ಗ ಒಳಗೇ ಕೊಳೆತಿರುತ್ತದೆ. ಕರಾವಳಿಯಲ್ಲಿ ಉಪ್ಪು ಗಾಳಿಗೆ ಸರಪಳಿಯ ಕೊಂಡಿ ತುಕ್ಕು ಹಿಡಿದಿರುತ್ತದೆ. ಪಟಾಕಿ ಸದ್ದಿಗೆ ನಾಯಿ ಎಳೆಯುವ ಜೋರಿಗೆ ಅದು ತಡೆಯುವುದಿಲ್ಲ.

ಆ ಸಂಜೆ ನಾಯಿಯನ್ನು ಹೊರಗೆ ಕಟ್ಟಲೇಬೇಡಿ. ಸಂಜೆಗೆ ಮೊದಲೇ ಊಟ ಹಾಕಿ, ಒಂದು ಸುತ್ತು ಹೊರಗೆ ಕರೆದೊಯ್ದು, ಒಳಗಿನ ಕೋಣೆಯಲ್ಲಿ ಬಿಡಿ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ರೇಡಿಯೋ ಹಚ್ಚಿ. ಯಾರಾದರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಗುಡುಗಿಗೂ ಇದೇ ಕ್ರಮ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ ಜಾತ್ರೆ ನಡೆಯುವಾಗ ಜಾತ್ರೆಯ ಬಯಲಾದ ಬಿಡ್ಕಿಬೈಲಿನ ಹತ್ತಿರದ ಮನೆಯವರೂ ಹೀಗೇ ಮಾಡಬೇಕು. ಅಷ್ಟು ಜನ, ಅಷ್ಟು ವಾಹನ, ಮೈಕ್. ಒಮ್ಮೆ ಹೊರಗೆ ಓಡಿದ ನಾಯಿ ಮನೆಯ ದಾರಿ ಹಿಡಿಯುವುದು ಕಷ್ಟ.

ಮನೆ ಬದಲಿಸುವಾಗಲೂ ಬೆಕ್ಕು ತಪ್ಪುತ್ತದೆ. ಕಾರವಾರ, ಕೈಗಾ ಕಡೆ ವರ್ಗವಾಗಿ ಬಂದು ಹೋಗುವವರು ಜಾಸ್ತಿ. ಹೊಸ ಮನೆಯಲ್ಲಿ ಬೆಕ್ಕನ್ನು ಎರಡು ಮೂರು ವಾರ ಹೊರಗೆ ಬಿಡಬೇಡಿ. ಬಿಟ್ಟಿರೋ, ಹಳೇ ಮನೆ ಹತ್ತಿರವಿದ್ದರೆ ಅಲ್ಲಿಗೇ ಹೋಗುತ್ತದೆ. ಈಗ ಅಲ್ಲಿರುವವರಿಗೆ ನಿಮ್ಮ ನಂಬರ್ ಕೊಟ್ಟಿರಿ.

ಗಂಡು ನಾಯಿ, ಗಂಡು ಬೆಕ್ಕು ಬೆದೆಯ ವಾಸನೆ ಹಿಡಿದು ದಿನಗಟ್ಟಲೆ ಅಲೆಯುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆಯುವುದು ಕಡಿಮೆಯಾಗುತ್ತದೆ. ಮತ್ತೆ ಹಳ್ಳಿಯವರಿಗೊಂದು ಮಾತು. ಕತ್ತಲಾದ ಮೇಲೆ ನಾಯಿಯನ್ನು ಅಂಗಳದಲ್ಲಿ ಬಿಡಬೇಡಿ, ಕಟ್ಟಲೂ ಬೇಡಿ. ಚಿರತೆ ಕೊಟ್ಟಿಗೆಯ ಬಾಗಿಲಿಗೇ ಬರುವ ಊರು ನಮ್ಮದು. ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ.

ಬೆಕ್ಕು ಕಾಣದಿದ್ದರೆ

2018ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಕಳೆದುಹೋದ 1,210 ಬೆಕ್ಕುಗಳ ವಿವರ ಕಲೆಹಾಕಿದ್ದರು. ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಇದನ್ನು ಓದಿದಾಗ ನನಗೆ ಆ ಕಟ್ಟಿಗೆ ಮನೆ ನೆನಪಾಯಿತು.

ಮೊದಲು ನಿಮ್ಮ ಮನೆಯೊಳಗೇ ಹುಡುಕಿ. ಕಪಾಟು, ಅಟ್ಟ, ಮಡಿಸಿಟ್ಟ ಹಾಸಿಗೆಯ ಸಂದು, ಅಡಿಕೆ ಚೀಲಗಳ ಹಿಂದೆ. ಆಮೇಲೆ ಕೊಟ್ಟಿಗೆ, ಹುಲ್ಲಟ್ಟ, ದರಕಿನ (ಒಣ ಎಲೆಯ) ರಾಶಿ, ಪಂಪ್ ಮನೆ. ಬಾವಿಗೆ ಟಾರ್ಚ್ ಬಿಟ್ಟು ನೋಡಿ. ಚಿರೆಕಲ್ಲು ಬಾವಿಯ ಒಳಗೆ ಕಲ್ಲಿನ ಸಂದಿ ಹಿಡಿದು ಬೆಕ್ಕು ಗಂಟೆಗಟ್ಟಲೆ ಕೂತಿರಬಹುದು. ಆಗ ಇಳಿಯಲು ಹೋಗಬೇಡಿ. ಬುಟ್ಟಿಗೆ ಹಗ್ಗ ಕಟ್ಟಿ, ಒಳಗೊಂದು ಗೋಣಿ ಹಾಕಿ ಪಕ್ಕಕ್ಕೆ ಇಳಿಸಿದರೆ ಎಷ್ಟೋ ಸಲ ತಾನೇ ಹತ್ತಿಕೊಳ್ಳುತ್ತದೆ.

ನಂತರ ನೆರೆಮನೆಗಳು. "ಬೆಕ್ಕು ನೋಡಿದ್ದೀರಾ?" ಅಂತ ಕೇಳಿ ವಾಪಸ್ ಬರಬೇಡಿ. "ಅತ್ತಿಗೆ, ಒಂದು ಸಲ ನಾನೇ ನೋಡಲಾ?" ಅಂತ ಕೇಳಿ. ಮುಚ್ಚಿದ ಬಾಗಿಲು ಒಂದನ್ನೂ ಬಿಡಬೇಡಿ. ಆ ದಿನ ಯಾರ ಮನೆಯಿಂದ ಪಿಕಪ್‌ನಲ್ಲಿ ಅಡಿಕೆಯೋ ಗೊಬ್ಬರವೋ ಹೋಯಿತು ಅಂತಲೂ ವಿಚಾರಿಸಿ. ಮೂಟೆಗಳ ನಡುವೆ ಮಲಗಿದ ಬೆಕ್ಕು ಪೇಟೆ ಸೇರಿರಬಹುದು.

ಹೆದರಿದ ಬೆಕ್ಕು ಕರೆದರೂ ಓಗೊಡುವುದಿಲ್ಲ. ನಿಮ್ಮ ದನಿ ಗೊತ್ತಿದ್ದರೂ ಸುಮ್ನೆ ಕೂತಿರುತ್ತದೆ. ಹಾಗಾಗಿ ಊರು ಮಲಗಿದ ಮೇಲೆ, ರಾತ್ರಿ ಹನ್ನೊಂದರ ನಂತರ ಅಥವಾ ಬೆಳಗಿನ ಜಾವ ಹೊರಡಿ. ಒಬ್ಬರೋ ಇಬ್ಬರೋ ಸಾಕು. ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕ ಹಿಡಿದು ನೆಲಮಟ್ಟದಲ್ಲಿ ಬಿಡಿ, ಆಗಲೇ ಅದರ ಕಣ್ಣು ಹೊಳೆಯುವುದು ಕಾಣುತ್ತದೆ. ಹತ್ತು ಹೆಜ್ಜೆ ನಡೆಯಿರಿ, ನಿಲ್ಲಿ, ಎರಡು ನಿಮಿಷ ಕಿವಿಗೊಡಿ. ದಿನಾ ಊಟ ಹಾಕುವಾಗ ತಟ್ಟೆಗೆ ಬಡಿಯುವ ಸದ್ದನ್ನೇ ಮೆಲ್ಲಗೆ ಮಾಡಿ. ಮಳೆಗಾಲದಲ್ಲಿ ಮಳೆ ಬಿಟ್ಟ ಹೊತ್ತು ಕಾಯಬೇಕು, ಹಂಚಿನ ಮೇಲೆ ಮಳೆ ಬೀಳುವಾಗ ಏನೂ ಕೇಳದು.

ರಾತ್ರಿ ಅದು ಬಂದು ಹೋಗುತ್ತಿದೆಯಾ ಅಂತ ತಿಳಿಯಲು ನಾನು ಮಾಡುವ ಉಪಾಯ ಹೇಳುತ್ತೇನೆ. ಮಳೆ ಬೀಳದ ಜಾಗದಲ್ಲಿ ಒಂದು ಬಟ್ಟಲು ಮೀನೋ ಮೊಸರನ್ನವೋ ಇಡಿ. ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು ಬಟ್ಟಲ ಸುತ್ತ ತೆಳ್ಳಗೆ ಹರಡಿ. ಬೆಳಿಗ್ಗೆ ಹೆಜ್ಜೆ ನೋಡಿ. ಬೆಕ್ಕು ಉಗುರು ಒಳಗೆಳೆದುಕೊಂಡು ನಡೆಯುತ್ತದೆ, ಹಾಗಾಗಿ ಗುಂಡಗಿನ ಗುರುತು ಮಾತ್ರ ಇರುತ್ತದೆ. ಬೆರಳಿನ ಮುಂದೆ ಉಗುರಿನ ಚುಕ್ಕೆ ಇದ್ದರೆ ನಾಯಿಯೋ ನರಿಯೋ ಬಂದಿತ್ತು ಅಂತ ಅರ್ಥ. ಬೆಕ್ಕಿನ ಹೆಜ್ಜೆ ಕಂಡರೆ ಮರುದಿನ ಅದೇ ಹೊತ್ತಿಗೆ ಕಾದು ಕೂರಿ. ಅದು ಮಲಗುತ್ತಿದ್ದ ಗೋಣಿ ಅಥವಾ ನೀವು ಉಟ್ಟು ಬಿಟ್ಟ ಹಳೇ ಲುಂಗಿ, ಸೀರೆ ಪಕ್ಕದಲ್ಲಿಡಿ. ತೊಳೆಯಬೇಡಿ.

ನಾಯಿ ಓಡಿಹೋದರೆ

ಬೆಕ್ಕು ಅಡಗುತ್ತದೆ, ನಾಯಿ ನಡೆಯುತ್ತದೆ. ನಾಯಿಯನ್ನು ಹುಡುಕಿಕೊಡುವುದು ಜನರ ಕಣ್ಣು.

ಮನೆಯಲ್ಲಿ ಒಬ್ಬರು ಇರಲೇಬೇಕು. ಬೇಲಿ ಬಾಗಿಲಿನ ಉಣಗೋಲು ತೆಗೆದಿಡಿ, ಜಗಲಿಯ ದೀಪ ಹಚ್ಚಿಡಿ. ಎಲ್ಲರೂ ಹುಡುಕಲು ಹೋಗಿ, ನಾಯಿ ಬಂದು ಮುಚ್ಚಿದ ಬೇಲಿ ನೋಡಿ ತಿರುಗಿ ಹೋದದ್ದನ್ನು ನಾನು ಕಂಡಿದ್ದೇನೆ.

ಉಳಿದವರು ಮೊದಲು ಹತ್ತಿರದ ಬೇಲಿ, ಅಗಳದ (ಕಂದಕದ) ಗುಂಟ ನಡೆಯಿರಿ. ಹಂದಿಗೆ ಕಟ್ಟಿದ ಉರುಳಿಗೆ ನಾಯಿ ಸಿಕ್ಕಿಬೀಳುತ್ತದೆ. ಸರಪಳಿ ಎಳೆದುಕೊಂಡು ಓಡಿದ್ದರೆ ಗಿಡಕ್ಕೆ ಸುತ್ತಿಕೊಂಡಿರುತ್ತದೆ. ಅಲ್ಲಿ ಅದು ದಿನಗಟ್ಟಲೆ ಜೀವ ಹಿಡಿದುಕೊಂಡಿರಬಹುದು. ನಿಂತು ಕೇಳಿದರೆ ನರಳುವ ಸದ್ದು ಸಿಗುತ್ತದೆ. ಕಾಡಿನಂಚಿಗೆ ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಸಿದ್ದಾಪುರ, ಶಿರಸಿ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಮೈಮೇಲೆ ಆ ಕಾಯಿಲೆ ಹರಡುವ ಉಣುಗು (ಉಣ್ಣೆ) ಇದೆಯಾ ನೋಡಿಕೊಳ್ಳಿ.

ಆಮೇಲೆ ಬೆಳಿಗ್ಗೆ ಬೇಗ ದಾರಿಯಲ್ಲಿ ಇರುವವರನ್ನು ಹಿಡಿಯಿರಿ. ಡೈರಿಗೆ ಹಾಲು ತರುವವರು, ಪೇಪರ್ ಹಾಕುವವರು, ಬೈಕ್‌ನಲ್ಲಿ ಮೀನು ತರುವವರು, ಅಂಚೆಯಣ್ಣ, ಲೈನ್‌ಮನ್, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ. ಮರದ ಮೇಲಿರುವ ಕೊನೆಗೌಡನಿಗೆ ಕಾಣುವಷ್ಟು ತೋಟ ನಮಗೆ ಕಾಣುವುದಿಲ್ಲ. ಮತ್ತೆ ಹಾಲ್ಟಿಂಗ್ ಬಸ್ಸಿನ ಡ್ರೈವರ್, ಕಂಡಕ್ಟರ್. ರಾತ್ರಿಯ ಕೊನೆ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಹೋಗುವವರು ಅವರೇ.

ನಮ್ಮ ನಾಯಿ ಕಾಳು ಒಂದು ಚೌತಿಯ ಸಂಜೆ ಹಗ್ಗ ಹರಿದು ಓಡಿದ್ದ. ಎರಡು ದಿನ ಸುಳಿವಿಲ್ಲ. ಮೂರನೇ ಬೆಳಿಗ್ಗೆ ಕಂಡಕ್ಟರ್ ಫೋನ್ ಮಾಡಿ, ಕುಮಟಾ ರಸ್ತೆಯ ಒಂದು ತಂಗುದಾಣದಲ್ಲಿ ಕಪ್ಪು ನಾಯಿ ಮಲಗಿದೆ, ಕುತ್ತಿಗೆಯಲ್ಲಿ ಹರಿದ ಹಗ್ಗ ಇದೆ ಅಂದರು. ಹೋದೆ. ದೂರದಿಂದ ಕಂಡದ್ದೇ "ಕಾಳೂ" ಅಂತ ಕೂಗುತ್ತಾ ಓಡಿದೆ. ಅವನು ಎದ್ದು ನನ್ನನ್ನು ನೋಡಿ ಬಾಲ ಒಳಗೆ ಹಾಕಿ ಗದ್ದೆಯ ಕಡೆ ಓಡಿಬಿಟ್ಟ. ನಾನೇ ಸಾಕಿದ ನಾಯಿ ನನ್ನನ್ನು ನೋಡಿ ಓಡಿತು. ಆ ಹೊತ್ತಿನ ಸಂಕಟ ಈಗಲೂ ನೆನಪಿದೆ. ಎದುರು ಮನೆಯ ಅಜ್ಜಿಯೊಬ್ಬರು ಜಗಲಿಯಿಂದಲೇ ಹೇಳಿದರು. "ಓಡಡ ತಮಾ, ಅಲ್ಲೇ ಕುತ್ಗ."

ಕೂತೆ. ಅವರೇ ಎರಡು ದೋಸೆ ತಂದುಕೊಟ್ಟರು. ಗದ್ದೆಯ ಹಾಳಿಯ ಮೇಲೆ ಅವನಿಗೆ ಅಡ್ಡವಾಗಿ, ಮುಖ ಬೇರೆ ಕಡೆ ಮಾಡಿ ಕೂತುಕೊಂಡು, ಚೂರು ಚೂರು ಮುರಿದು ಪಕ್ಕಕ್ಕೆ ಹಾಕುತ್ತಾ ಹೋದೆ. ಹೆಸರು ಕರೆಯಲಿಲ್ಲ. ಅರ್ಧ ಗಂಟೆ ಕಳೆದಿರಬೇಕು. ಹಿಂದಿನಿಂದ ಬಂದು ಮೊದಲು ನನ್ನ ಚಪ್ಪಲಿ ಮೂಸಿದ. ಆಮೇಲೆ ಅಂಗಾಲು. ಆಮೇಲೆ ಗಂಟಲಿನಿಂದ ಒಂದು ಸದ್ದು ಬಂತು, ಅಳುವ ಹಾಗೆ. ತಲೆ ತಂದು ನನ್ನ ಕಂಕುಳಿಗೆ ತುರುಕಿದ. ಆಗ ಮೆಲ್ಲಗೆ ಹಗ್ಗ ಹಿಡಿದೆ.

ಹೆದರಿದ ನಾಯಿಗೆ ಮನುಷ್ಯರೆಲ್ಲ ಒಂದೇ. ಅಟ್ಟಿಸಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ನಾಲ್ಕು ಜನ ಸೇರಿ ಸುತ್ತುವರಿಯಬೇಡಿ. ರಸ್ತೆ ಪಕ್ಕವಾದರೆ ಅಟ್ಟಿಸಿದ ನಾಯಿ ಗಾಡಿಗೇ ಸಿಗುತ್ತದೆ. ಕೂತು, ನಿಮ್ಮ ವಾಸನೆ ಅದರ ತನಕ ಹೋಗಲು ಬಿಡಿ. ಮನೆಯ ಇನ್ನೊಂದು ನಾಯಿ ಇದ್ದರೆ ಹಗ್ಗ ಹಾಕಿ ಜೊತೆಗೆ ಕರೆದೊಯ್ಯಿರಿ, ಅದನ್ನು ನೋಡಿ ಇದು ಬರುತ್ತದೆ.

ಕರಾವಳಿಯಲ್ಲಾದರೆ

ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಹುಡುಕುವ ಜಾಗ ಬೇರೆ. ಬೆಕ್ಕು ಮೀನಿನ ವಾಸನೆ ಹಿಡಿಯುತ್ತದೆ. ಬೈತಖೋಲದಂಥ ಬಂದರಿನಲ್ಲಿ ದೋಣಿ ಬರುವ ಹೊತ್ತಿಗೆ, ಮೀನು ಪೇಟೆ ಮುಚ್ಚಿ ತೊಳೆಯುವ ಹೊತ್ತಿಗೆ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಬಂದರಿನಲ್ಲಿ ಮೀನು ಕಡಿಮೆ, ಬೆಕ್ಕುಗಳು ಮನೆಗಳ ಹಿತ್ತಿಲಿಗೆ ಬರುತ್ತವೆ. ಎಳೆದು ನಿಲ್ಲಿಸಿದ ದೋಣಿಗಳ ಕೆಳಗೆ, ಬಲೆ ರಾಶಿಯ ಒಳಗೆ, ಗಾಳಿ ಮರದ ತೋಪಿನಲ್ಲಿ ನೋಡಬೇಕು.

ನಾಯಿ ಕಡಲತೀರದ ಗುಂಟ ಏಡಿ ಅಟ್ಟಿಸಿಕೊಂಡು ಬಹಳ ದೂರ ಹೋಗುತ್ತದೆ. ಆದರೆ ಹೊಳೆಯ ಬಾಯಿ ಬಂದಲ್ಲಿ ನಿಲ್ಲುತ್ತದೆ. ಹಾಗಾಗಿ ಎರಡೂ ಕಡೆ ಅಳಿವೆಯ ತನಕ ನಡೆದು, ಅಲ್ಲಿ ಬಲೆ ಬೀಸುವವರನ್ನು ಕೇಳಿ. ಹೆದ್ದಾರಿ 66ರ ಅಂಚಿನ ಮನೆಯವರು ಮೊದಲು ಹೆದ್ದಾರಿಯ ಎರಡೂ ಬದಿ ನೋಡಿಬಿಡಿ. ಗಾಯವಾಗಿ ಚರಂಡಿಯಲ್ಲಿ ಬಿದ್ದಿದ್ದರೆ ತಡಮಾಡುವಂತಿಲ್ಲ. ಇಲ್ಲಿ ಕೇಳುವಾಗ ಕೊಂಕಣಿಯಲ್ಲೂ ಕೇಳಿ. "ಸುಣೆಂ" (ನಾಯಿ), "ಮಾಜರ" (ಬೆಕ್ಕು) ಅಂದರೆ ಮಾತು ಬೇಗ ಹತ್ತುತ್ತದೆ.

ಚೀಟಿ, ವಾಟ್ಸ್ಆ್ಯಪ್, ಫೋನ್

ಚೀಟಿಯಲ್ಲಿ "ನಾಯಿ ಕಾಣೆಯಾಗಿದೆ" ಅನ್ನುವುದು ಬೈಕ್ ಮೇಲಿಂದ ಓದುವಷ್ಟು ದೊಡ್ಡದಾಗಿರಲಿ. ಒಂದು ಫೋಟೋ, ಬಣ್ಣ, ಎಲ್ಲಿಂದ, ಯಾವ ದಿನ, ಎರಡು ನಂಬರ್. ಬೇರೆ ಕತೆ ಬೇಡ. ವಾಟ್ಸ್ಆ್ಯಪ್ ಗ್ರೂಪ್‌ಗಳಿಗೂ ಇದನ್ನೇ ಹಾಕಿ. "ಹಿಡಿಯಬೇಡಿ, ಅಟ್ಟಿಸಬೇಡಿ, ಫೋನ್ ಮಾಡಿ" ಅಂತ ಒಂದು ಸಾಲು ಸೇರಿಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನ ಬಾಯಿ ಕೆಳಗೆ ಬರುವ ಹಾಗೆ ಹಾಕಿ ಅಂಟಿಸಿ. ಹಾಲು ಡೈರಿ, ಸೊಸೈಟಿ, ಹಿಟ್ಟಿನ ಗಿರಣಿ, ಬಸ್ ಸ್ಟ್ಯಾಂಡಿನ ಚಹಾ ಅಂಗಡಿ, ಪಶು ಆಸ್ಪತ್ರೆ. ಅಂಗಡಿಯವರನ್ನು ಕೇಳಿಯೇ ಅಂಟಿಸಿ, ಆಗ ಅವರೇ ಬಂದವರಿಗೆಲ್ಲ ಹೇಳುತ್ತಾರೆ. ನಗರಸಭೆಯವರು ಬೀದಿನಾಯಿ ಹಿಡಿಯುತ್ತಿರುವ ದಿನಗಳಾದರೆ ಅಲ್ಲೂ ವಿಚಾರಿಸಿ. ಪಟ್ಟಿ ಬಿದ್ದುಹೋದ ಸಾಕುನಾಯಿಯೂ ಆ ಗಾಡಿ ಹತ್ತಬಹುದು.

ಒಂದು ಗುರುತನ್ನು ಮಾತ್ರ ಎಲ್ಲೂ ಬರೆಯಬೇಡಿ. ಕಾಳುವಿನ ವಿಷಯದಲ್ಲಿ ಒಬ್ಬ ಫೋನ್ ಮಾಡಿ, ನಾಯಿ ನನ್ನ ಹತ್ತಿರ ಇದೆ, ಮೊದಲು ಎರಡು ಸಾವಿರ ಹಾಕಿ ಅಂದ. ಎದೆಯ ಬಿಳಿ ಕಲೆ ಯಾವ ಆಕಾರದಲ್ಲಿದೆ ಅಂತ ಕೇಳಿದೆ. ಫೋನ್ ಇಟ್ಟ. ನಾಯಿಯನ್ನು ಕಣ್ಣಾರೆ ನೋಡುವ ಮೊದಲು ಯಾರಿಗೂ ದುಡ್ಡು ಕಳಿಸಬೇಡಿ.

ದನ ತಪ್ಪಿದರೆ

ಮೇಯಲು ಹೋದ ಮಲೆನಾಡು ಗಿಡ್ಡ ಸಂಜೆಗೆ ಬಾರದಿದ್ದರೆ ಕಿವಿಯ ಹಳದಿ ಓಲೆ ಕೆಲಸಕ್ಕೆ ಬರುತ್ತದೆ. ಅದರಲ್ಲಿ 12 ಅಂಕೆಯ ಸಂಖ್ಯೆ ಇದೆ. ಬರೆದಿಟ್ಟುಕೊಂಡು ಪಶು ಆಸ್ಪತ್ರೆಗೆ ತಿಳಿಸಿ. ಗಾಯವಾದ ದನ, ನಾಯಿ ಕಂಡರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ ಅದು.

ಬೇರೆಯವರ ನಾಯಿ ನಿಮಗೆ ಸಿಕ್ಕರೆ

ಮೊದಲು ನೀರು ಇಡಿ. ಪಟ್ಟಿ, ಹಗ್ಗದ ಗುರುತು, ಕುತ್ತಿಗೆಯ ಕೂದಲು ಸವೆದಿರುವುದು ನೋಡಿ. ಕಿವಿಯ ಅಂಚನ್ನು ನೇರವಾಗಿ ಕತ್ತರಿಸಿದ್ದರೆ ಅದು ಸಂತಾನಹರಣ ಮಾಡಿ ಬಿಟ್ಟ ಬೀದಿನಾಯಿ. ಗಾಯ ಇಲ್ಲದಿದ್ದರೆ ಅದನ್ನು ಅಲ್ಲೇ ಬಿಡಿ, ಅದರ ಮನೆ ಅದೇ ಬೀದಿ. ಸಾಕಿದ ನಾಯಿ ಅನಿಸಿದರೆ ಫೋಟೋ ತೆಗೆದು ಸಿಕ್ಕ ಜಾಗದ ಸುತ್ತಮುತ್ತ ತೋರಿಸಿ. ಕೇಳಿಕೊಂಡು ಬಂದವರ ಹತ್ತಿರ ಹಳೇ ಫೋಟೋ ಕೇಳಿ, ಗುರುತು ಕೇಳಿ, ಆಮೇಲೆ ಕೊಡಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ವಾಪಸ್ ಬಂದ ಮೇಲೆ

ಒಮ್ಮೆಗೇ ತಟ್ಟೆ ತುಂಬ ಹಾಕಬೇಡಿ. ನೀರು ಕೊಡಿ, ಸ್ವಲ್ಪ ಗಂಜಿ ಅನ್ನ ಕೊಡಿ, ಎರಡು ಗಂಟೆ ಬಿಟ್ಟು ಮತ್ತೆ ಕೊಡಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣುಗು, ಉಂಬಳ (ಜಿಗಣೆ), ಮುಳ್ಳು ಇದೆಯಾ ನೋಡಿ. ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ. ಮೈಮೇಲೆ ಕಚ್ಚಿದ ಗಾಯ ಇದ್ದರೆ ವೈದ್ಯರಿಗೆ ಹೇಳಿ, ರೇಬೀಸ್ ಲಸಿಕೆ ಮತ್ತೆ ಬೇಕಾಗುತ್ತದೆ. ಬೆಕ್ಕು ಮನೆಗೆ ಬಂದ ಮೇಲೂ ಒಂದು ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿಗೆ ಯಕೃತ್ತಿನ ತೊಂದರೆ ಬೇಗ ಶುರುವಾಗುತ್ತದೆ.

ನಾಲ್ಕು ದಿನ ಒಳಗೇ ಇಟ್ಟುಕೊಳ್ಳಿ. ಅಷ್ಟರಲ್ಲಿ ಹರಿದ ಹಗ್ಗ ಬದಲಿಸಿ, ಬೇಲಿಯ ಕಂಡಿ ಮುಚ್ಚಿ. ಅಂಟಿಸಿದ ಚೀಟಿಗಳನ್ನೆಲ್ಲ ನೀವೇ ಹೋಗಿ ತೆಗೆಯಿರಿ, ಗ್ರೂಪ್‌ಗಳಲ್ಲಿ "ಸಿಕ್ಕಿದೆ" ಅಂತ ಹಾಕಿ. ಸುಳಿವು ಕೊಟ್ಟವರಿಗೆಲ್ಲ ಫೋನ್ ಮಾಡಿ ತಿಳಿಸಿ. ಕಾಳು ಸಿಕ್ಕ ಎರಡು ವಾರಕ್ಕೆ ನಾನು ಬಸ್ ಹತ್ತಿದಾಗ ಆ ಕಂಡಕ್ಟರ್ ಟಿಕೆಟ್ ಕೊಡುವ ಮೊದಲು ಕೇಳಿದ್ದು, "ಈಗ ಸರಿ ಊಟ ಮಾಡ್ತಾನಾ?"